ಕೆನರಾ ಕರಾವಳಿಯ ಇತಿಹಾಸ

ಕೆನರಾ ಕರಾವಳಿ ಎಂಬುದು ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ, ಉತ್ತರದಲ್ಲಿ ಕಾಳಿ ನದಿಯಿಂದ ದಕ್ಷಿಣದಲ್ಲಿ ಚಂದ್ರಗಿರಿ ಹೊಳೆಯವರೆಗೆ ಹಬ್ಬಿರುವ ಕಿರಿದಾದ ನಾಡು. ಇಂದಿನ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಕೆಳಗಿನ ತಾಲ್ಲೂಕುಗಳು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು, ಕೇರಳದ ಕಾಸರಗೋಡಿನ ಉತ್ತರ ಭಾಗ ಇದರಲ್ಲಿ ಸೇರುತ್ತವೆ. ಕರ್ನಾಟಕಕ್ಕೆ ಸೇರಿದ ಕಡಲತಡಿಯ ಉದ್ದ ಸುಮಾರು 320 ಕಿ.ಮೀ. ಶಾಸನಗಳಲ್ಲಿ ಉತ್ತರದ ಭಾಗಕ್ಕೆ ಹೈವೆ ಅಥವಾ ಹೈಗ, ದಕ್ಷಿಣದ ಭಾಗಕ್ಕೆ ತುಳು ಅಥವಾ ಆಳ್ವಖೇಡ ಎಂಬ ಹೆಸರುಗಳಿವೆ. ‘ಕೆನರಾ’ ಎಂಬುದು ಪೋರ್ಚುಗೀಸರ ಬಳಕೆಯಿಂದ ನಿಂತ ರೂಪ. ಇಂಗ್ಲಿಷ್ ಆಡಳಿತ ಅದನ್ನೇ ಜಿಲ್ಲೆಯ ಹೆಸರಾಗಿ ಮಾಡಿಕೊಂಡಿತು. ಈ ಲೇಖನದಲ್ಲಿ ‘ತುಳುನಾಡು’ ಎಂದರೆ ದಕ್ಷಿಣದ ಭಾಗ, ‘ಕೆನರಾ’ ಎಂದರೆ ಎರಡೂ ಸೇರಿದ ಕರಾವಳಿ.

ಭೂಲಕ್ಷಣ ಮತ್ತು ಅಕ್ಕಿ

ಘಟ್ಟದಿಂದ ಇಳಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೀತಾ, ಸ್ವರ್ಣಾ, ಶಾಂಭವಿ, ಗುರುಪುರ, ನೇತ್ರಾವತಿ ನದಿಗಳು ಈ ನಾಡನ್ನು ಅಡ್ಡಲಾಗಿ ಸೀಳುತ್ತವೆ. ಪ್ರತಿ ನದಿಯ ಅಳಿವೆಯಲ್ಲೂ ಒಂದು ಬಂದರು, ಅದರ ಬೆನ್ನಿಗೆ ಒಂದು ಕಣಿವೆ, ಕಣಿವೆಯ ತುದಿಗೆ ಒಂದು ಘಾಟಿ ದಾರಿ: ಇಲ್ಲಿನ ಹೆಚ್ಚಿನ ಪಟ್ಟಣಗಳು ಈ ಕ್ರಮದಲ್ಲೇ ಹುಟ್ಟಿವೆ. ಹೊನ್ನಾವರಕ್ಕೆ ಗೇರುಸೊಪ್ಪೆಯ ದಾರಿ, ಬಸರೂರಿಗೆ ಹೊಸಂಗಡಿ ಮತ್ತು ಕೊಲ್ಲೂರಿನ ದಾರಿಗಳು, ಬಾರಕೂರಿಗೆ ಆಗುಂಬೆ, ಮಂಗಳೂರಿಗೆ ಚಾರ್ಮಾಡಿ ಮತ್ತು ಶಿರಾಡಿ. ಮರಳಿನ ದಿಬ್ಬಗಳು ಅಳಿವೆಗೆ ಅಡ್ಡ ಬೀಳುವುದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಬೇಕಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಯಾನಕ್ಕೆ ಮುಚ್ಚಿರುತ್ತಿತ್ತು.

ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಬೀಳುವ ಮಳೆಯಿಂದ ಭತ್ತ ಇಲ್ಲಿನ ಮುಖ್ಯ ಬೆಳೆಯಾಯಿತು. ತುಳುನಾಡಿನಲ್ಲಿ ಗದ್ದೆಗಳನ್ನು ನೀರಿನ ಆಸರೆಯ ಮೇಲೆ ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ತಗ್ಗಿನ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳೂ ಸಾಧ್ಯ, ಮಜಲಿನಲ್ಲಿ ಎರಡು, ಬೆಟ್ಟುಗದ್ದೆ ಮಳೆಗಾಲದ ಒಂದೇ ಬೆಳೆಗೆ ಸೀಮಿತ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತದ ತಳಿ ಬೆಳೆಯುತ್ತದೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಉರುಟಾದ ‘ಮುಡಿ’ ಕಟ್ಟುತ್ತಿದ್ದರು. ತೇವದ ಹವೆಯಲ್ಲಿ ಅಕ್ಕಿ ಕೆಡದಂತೆ ಇಡಲು ಇದು ಒಳ್ಳೆಯ ಉಪಾಯ. ಮುಡಿ ಅಳತೆಯ ಮಾನವೂ ಆಗಿತ್ತು. ಗೇಣಿ, ದತ್ತಿ, ಸಾಲ ಎಲ್ಲವೂ ಮುಡಿಯ ಲೆಕ್ಕದಲ್ಲೇ ನಡೆಯುತ್ತಿದ್ದವು. ಹೊರಗಿನವರನ್ನು ಕೆನರಾಕ್ಕೆ ಎಳೆದದ್ದು ಕಾಳುಮೆಣಸು ಎಂಬ ಮಾತು ರೂಢಿಯಲ್ಲಿದೆ. ಅದು ನಿಜವೇ, ಆದರೆ ಮೆಣಸು ಮಲಬಾರಿನಲ್ಲೂ ಸಿಗುತ್ತಿತ್ತು. ಮಲಬಾರಿಗೂ ಗೋವೆಗೂ ಅರಬ್ಬೀ ಬಂದರುಗಳಿಗೂ ಕೊಡಬಹುದಾದಷ್ಟು ಅಕ್ಕಿ ಮಿಗುತ್ತಿದ್ದದ್ದು ಈ ಕರಾವಳಿಯ ವಿಶೇಷ. ಇಲ್ಲಿನ ರಾಜಕೀಯದ ಬಹುಪಾಲು ಈ ಅಕ್ಕಿ ಯಾರ ಕೈಸೇರಬೇಕು ಎಂಬುದರ ಸುತ್ತ ನಡೆದಿದೆ.

ಮೊದಲ ನೆಲೆಗಳು

ಕುಂದಾಪುರ ಸೀಮೆಯ ಗಾವಳಿ, ಬುದ್ಧನ ಜೆಡ್ಡು ಮುಂತಾದೆಡೆ ಬಂಡೆಯ ಮೇಲೆ ಕೊರೆದ ಪ್ರಾಣಿ ಮತ್ತು ಮನುಷ್ಯ ರೂಪಗಳು ಸಿಕ್ಕಿವೆ. ಮುರಕಲ್ಲನ್ನು ಕೊರೆದು ಮಾಡಿದ ಬೃಹತ್ ಶಿಲಾಯುಗದ ಗೋರಿಗಳು ತುಳುನಾಡಿನ ಹಲವು ಕಡೆ ಇವೆ. ನಾಡಿನ ಹಳೆಯ ಜನವರ್ಗಗಳಲ್ಲಿ ಕೊರಗರು, ಮಲೆಕುಡಿಯರು, ಹಾಲಕ್ಕಿ ಒಕ್ಕಲಿಗರು, ಕುಣಬಿಗಳು, ಮುಕ್ರಿಗಳು, ಕಡಲನ್ನು ನಂಬಿದ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳು, ಬಿಲ್ಲವರು ಮತ್ತು ಭೂಮಿಯ ಒಡೆತನ ಪಡೆದ ಬಂಟರು ಅಥವಾ ನಾಡವರು ಮುಖ್ಯರು. ಇವರಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಸಾಲುಹಚ್ಚಲು ಲಿಖಿತ ಆಧಾರಗಳು ಸಾಲವು. ಕೊರಗರಲ್ಲಿ ಹುಬಾಶಿಕ ಎಂಬ ತಮ್ಮದೇ ಅರಸನ ನೆನಪು ಐತಿಹ್ಯವಾಗಿ ಉಳಿದಿದೆ. ಅವರನ್ನು ಮುಂದೆ ಸಮಾಜದ ಅಂಚಿಗೆ ತಳ್ಳಲಾಯಿತು.

ಕಾಡಿನ ಇಳಿಜಾರಿನಲ್ಲಿ ಕುಮರಿ, ಅಂದರೆ ಕಡಿದು ಸುಟ್ಟು ಬಿತ್ತುವ ಬೇಸಾಯ, ತಗ್ಗಿನಲ್ಲಿ ಭತ್ತ, ದಡದಲ್ಲಿ ಮೀನು: ಮೂರೂ ಒಂದರ ಪಕ್ಕ ಒಂದು ನಡೆದವು. ಊರುಗಳು ಬಯಲುಸೀಮೆಯಂತೆ ಒತ್ತಾಗಿ ಕಟ್ಟಿದವಲ್ಲ. ಪ್ರತಿ ಮನೆ ತನ್ನ ಗದ್ದೆಯ ಅಂಚಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಭೂತಾರಾಧನೆ, ನಾಗಬನ, ತುಳು ಪಾಡ್ದನಗಳ ಪರಂಪರೆ ಈ ನೆಲೆಗಳ ಧಾರ್ಮಿಕ ಮತ್ತು ನ್ಯಾಯದ ವ್ಯವಸ್ಥೆಯೂ ಆಗಿದ್ದವು. ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಕಟ್ಟು ನೆಲೆನಿಂತಿತು. ಐತಿಹ್ಯ ಇದನ್ನು ಭೂತಾಳ ಪಾಂಡ್ಯನಿಗೆ ಆರೋಪಿಸುತ್ತದೆ. ಕದಂಬ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು 32 ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ‘ಗ್ರಾಮಪದ್ಧತಿ’ ಹೇಳುತ್ತದೆ. ಈ ವಿವರವನ್ನು ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲ. ಅಗ್ರಹಾರಗಳ ಬೆಳವಣಿಗೆ ಕ್ರಮೇಣ ಆದದ್ದು.

ಆಳುಪರು

ಕರಾವಳಿಯ ಮೊದಲ ದೊಡ್ಡ ಅರಸುಮನೆತನ ಆಳುಪರದು. 2ನೆಯ ಶತಮಾನದ ಟಾಲೆಮಿ ಹೆಸರಿಸುವ ‘ಒಲೊಖೊಯ್ರ’ ಎಂಬುದನ್ನು ಹಲವರು ಆಳ್ವಖೇಡವೆಂದು ಗುರುತಿಸುತ್ತಾರೆ. 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ಆಳಪ ಗಣದ ಪಶುಪತಿಯ ಹೆಸರು ಬರುತ್ತದೆ. ಬಾದಾಮಿ ಚಾಲುಕ್ಯರು ಆಳುಪರನ್ನು ಅಧೀನಕ್ಕೆ ತಂದುಕೊಂಡದ್ದು ಮಹಾಕೂಟದ ಕಂಬದ ಶಾಸನದಿಂದಲೂ 634ರ ಐಹೊಳೆ ಶಾಸನದಿಂದಲೂ ತಿಳಿಯುತ್ತದೆ. ಅಲ್ಲಿಂದ ಮುಂದೆ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು ಒಬ್ಬರಾದ ಮೇಲೊಬ್ಬರು ಘಟ್ಟದ ಮೇಲಿಂದ ಅಧಿಕಾರ ಹೇಳಿದರು. ಆಳುಪರು ಕಪ್ಪ ಕೊಡುತ್ತ, ಆಗಾಗ ಬಿಡಿಸಿಕೊಳ್ಳುತ್ತ ಸುಮಾರು 1,000 ವರ್ಷ ಉಳಿದರು. ದಕ್ಷಿಣ ಭಾರತದಲ್ಲಿ ಇಷ್ಟು ಕಾಲ ಒಂದೇ ನೆಲದ ಮೇಲೆ ನಿಂತ ಮನೆತನಗಳು ವಿರಳ.

ಇವರ ರಾಜಧಾನಿ ಮಂಗಳೂರು, ಉದ್ಯಾವರ, ಬಾರಕೂರು ಎಂದು ಕಾಲಕಾಲಕ್ಕೆ ಬದಲಾಯಿತು. ಮೂರೂ ನದೀಮುಖದ ಊರುಗಳೇ. ವಡ್ಡರ್ಸೆಯ ಶಾಸನ ಕರಾವಳಿಯ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. 8ನೆಯ ಶತಮಾನದ ಬೆಳ್ಮಣ್ಣಿನ ತಾಮ್ರಪಟ ಈವರೆಗೆ ಸಿಕ್ಕಿರುವ ಪೂರ್ಣ ಕನ್ನಡ ತಾಮ್ರಶಾಸನಗಳಲ್ಲಿ ಅತಿ ಹಳೆಯದೆಂದು ಗಣ್ಯವಾಗಿದೆ. ಅದರ ಮೇಲೆ ಜೋಡಿ ಮೀನಿನ ಲಾಂಛನವಿದೆ. ಆಳುಪರ ನಾಣ್ಯಗಳಲ್ಲೂ ಅದೇ ಗುರುತು. ಉದ್ಯಾವರದ ವೀರಗಲ್ಲುಗಳು ಚಿತ್ರವಾಹನ, ರಣಸಾಗರ, ಪೃಥ್ವೀಸಾಗರರ ನಡುವಿನ ಗಾದಿಯ ಜಗಳದಲ್ಲಿ ಮಡಿದವರನ್ನು ಹೆಸರಿಸುತ್ತವೆ. 968ರಲ್ಲಿ ಕುಂದವರ್ಮ ಮಂಗಳೂರಿನ ಕದ್ರಿಯಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಇಂದಿಗೂ ಇದೆ. ಬೌದ್ಧ ಲಕ್ಷಣದ ಈ ಮೂರ್ತಿ ಶೈವ ದೇವಾಲಯದಲ್ಲಿ ನಿಂತಿರುವುದು ಆ ಕಾಲದ ಪಂಥಗಳ ಬೆರಕೆಗೆ ಸಾಕ್ಷಿ. 13ನೆಯ ಶತಮಾನದಲ್ಲಿ ಬಲ್ಲಮಹಾದೇವಿ ಎಂಬ ರಾಣಿ ಬಾರಕೂರಿನಿಂದ ಆಳಿದಳು. ಅದೇ ಶತಮಾನದಲ್ಲಿ ಉಡುಪಿಯಲ್ಲಿ ಮಧ್ವಾಚಾರ್ಯರು ದ್ವೈತಮತವನ್ನೂ ಕೃಷ್ಣಮಠವನ್ನೂ ಸ್ಥಾಪಿಸಿದರು. 1400ರ ಸುಮಾರಿಗೆ ಆಳುಪರ ಹೆಸರು ಶಾಸನಗಳಿಂದ ಮರೆಯಾಗುತ್ತದೆ.

ಕಡಲ ವ್ಯಾಪಾರ

6ನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಮೆಣಸಿನ ಬಂದರುಗಳಲ್ಲಿ ‘ಮಂಗರೂತ್’ ಎಂಬುದನ್ನು ಸೇರಿಸಿದ್ದಾನೆ. ಅದು ಮಂಗಳೂರೆಂಬುದು ಸಾಮಾನ್ಯ ಅಭಿಪ್ರಾಯ. ಪ್ಲಿನಿ ಹೇಳುವ ಕಡಲ್ಗಳ್ಳರ ನೆಲೆ ‘ನಿಟ್ರಿಯಾಸ್’ ನೇತ್ರಾವತಿಯ ಆಸುಪಾಸಿನದು ಎಂಬ ಊಹೆಯೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಕೆಲವು ಪರಭಾಷಾ ಮಾತುಗಳು ಕನ್ನಡವೆಂದೂ ತುಳುವೆಂದೂ ವಾದಗಳು ನಡೆದಿವೆ. ಎರಡೂ ಸಿದ್ಧವಾಗಿಲ್ಲ.

ಹೆಚ್ಚು ಗಟ್ಟಿಯಾದ ಸಾಕ್ಷ್ಯ 12ನೆಯ ಶತಮಾನದ್ದು. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದ ಆರಂಭದಿಂದ 1149ರವರೆಗೆ ಬಹುಮಟ್ಟಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಕೈರೋದ ಯಹೂದಿ ಮಂದಿರದ ಹಳೆಯ ಕಾಗದದ ಕೋಣೆಯಲ್ಲಿ ಅವನ ಪತ್ರಗಳು ಉಳಿದುಬಂದಿವೆ. ಅವನಿಗೆ ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ಇತ್ತು. ಏಡನ್‌ನ ವರ್ತಕರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಹಡಗಿನಲ್ಲಿ ಕಳಿಸಿ, ಹೂಜಿ, ಬೋಗುಣಿ, ದೀಪಗಳನ್ನು ಹೊಸದಾಗಿ ಎರಕ ಹೊಯ್ಯಿಸಿಕೊಳ್ಳುತ್ತಿದ್ದರು. ಹಿಂದಿರುಗುವ ಹಡಗಿನಲ್ಲಿ ಮೆಣಸು, ಅಡಕೆ, ಕಬ್ಬಿಣ ಹೋಗುತ್ತಿದ್ದವು. ಏಡನ್‌ನಿಂದ ಅವನ ಮನೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ಹೆಂಡತಿ ಆಶು ಈ ಕಡೆಯ ಹೆಣ್ಣು. 1132ರಲ್ಲಿ ಅವನೇ ಅವಳನ್ನು ದಾಸ್ಯದಿಂದ ಬಿಡಿಸಿದ ಪತ್ರವಿದೆ. ಬೊಮ್ಮ ಎಂದು ಓದಲಾಗುವ ಹೆಸರಿನ ಆಳು ಅವನ ಪರವಾಗಿ ಏಡನ್‌ವರೆಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ.

1342ರ ಸುಮಾರಿಗೆ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಬಾರಕೂರಿನ ಅರಸನ ಬಳಿ ಸುಮಾರು 30 ಹಡಗುಗಳಿದ್ದವು, ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಎನ್ನುತ್ತಾನೆ. ಅಂಕಿಗಳನ್ನು ಪ್ರವಾಸಿಯ ಅಂದಾಜಾಗಿಯೇ ತೆಗೆದುಕೊಳ್ಳಬೇಕು. ಅರಬ್ಬೀ ಸಂಪರ್ಕದಿಂದ ಬೆಳೆದ ಭಟ್ಕಳದ ನವಾಯತರು ಮತ್ತು ತುಳುನಾಡಿನ ಬ್ಯಾರಿಗಳು ಇಂದಿಗೂ ಪ್ರತ್ಯೇಕ ನುಡಿ ಮತ್ತು ಆಚಾರಗಳ ಸಮುದಾಯಗಳು. ಬಂದರುಗಳ ಆಡಳಿತದಲ್ಲಿ ವರ್ತಕ ಸಂಘಗಳ ಪಾತ್ರ ದೊಡ್ಡದಿತ್ತು: ಶಾಸನಗಳು ಹಂಜಮಾನ, ನಖರ, ಸೆಟ್ಟಿಕಾರ, ಹಲರು ಎಂಬ ಕೂಟಗಳನ್ನು ಹೆಸರಿಸುತ್ತವೆ. ಬಾರಕೂರು ಹತ್ತು ಕೇರಿಗಳ ಪಟ್ಟಣವಾಗಿತ್ತು. ಮಣಿಗಾರಕೇರಿ, ಚೌಳಿಕೇರಿ, ಮೂಡುಕೇರಿ, ಕೋಟೆಕೇರಿಗಳ ಹೆಸರು ಇನ್ನೂ ಉಳಿದಿದೆ.

ವಿಜಯನಗರ ಮತ್ತು ಸ್ಥಳೀಯ ಅರಸರು

ವಿಜಯನಗರದವರು ಕರಾವಳಿಯನ್ನು ಮುಖ್ಯವಾಗಿ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ ಅಧಿಕಾರಿಗಳನ್ನು ನೇಮಿಸಿದರು. ಅವರಿಗೆ ಬೇಕಾದದ್ದು ಮುಖ್ಯವಾಗಿ ಅರಬ್ಬೀ ಕುದುರೆ. ಅದು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟ ಹತ್ತುತ್ತಿತ್ತು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದಿಳಿದು ವಿಜಯನಗರಕ್ಕೆ ಹೋದ.

ಅಧಿಕಾರಿಗಳ ಕೆಳಗೆ ಊರನ್ನು ನಿಜವಾಗಿ ಆಳುತ್ತಿದ್ದವರು ಸ್ಥಳೀಯ ಅರಸರು, ಅವರಲ್ಲಿ ಹಲವರು ಜೈನರು: ಕಾರ್ಕಳದ ಭೈರರಸರು, ಮೂಡುಬಿದಿರೆ ಮತ್ತು ಉಳ್ಳಾಲದ ಚೌಟರು, ಬಂಗರು, ವೇಣೂರಿನ ಅಜಿಲರು, ಮೂಲ್ಕಿಯ ಸಾವಂತರು, ಗೇರುಸೊಪ್ಪೆ ಮತ್ತು ಹಾಡುವಳ್ಳಿಯ ಸಾಳುವರು. ವ್ಯಾಪಾರದ ಹಣ ಬಸದಿ ಮತ್ತು ಮೂರ್ತಿಗಳಾಗಿ ನಿಂತಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ 1430ರಲ್ಲಿ ಆರಂಭವಾಯಿತು. ಕಾರ್ಕಳದ ಗೊಮ್ಮಟ 1432ರದು, ವೇಣೂರಿನದು 1604ರದು. ಕಾರ್ಕಳದ ಚತುರ್ಮುಖ ಬಸದಿ 1586ರಲ್ಲಿ ಆರಂಭವಾದದ್ದು.

ಪೋರ್ಚುಗೀಸರು

ಪೋರ್ಚುಗೀಸರಿಗೆ ಕೆನರಾ ಮೊದಲಿಗೆ ದಾರಿಯ ಮೇಲಿನ ತಂಗುದಾಣ. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವಾಗ ಕಾರವಾರದ ಎದುರಿನ ಅಂಜದೀವದಲ್ಲಿ ಹಡಗು ದುರಸ್ತಿ ಮಾಡಿಸಿಕೊಂಡ. 1502ರಲ್ಲಿ ಮತ್ತೆ ಬಂದಾಗ ಭಟ್ಕಳದ ಮೇಲೆ ದಾಳಿ ನಡೆಸಿ, ವರ್ಷವರ್ಷ ಅಕ್ಕಿಯ ಕಪ್ಪ ಕೊಡುವ ಕರಾರು ಹೇರಿದ. ಮುಂದಿನ ಒಂದೂವರೆ ಶತಮಾನದ ಸಂಬಂಧದ ಸ್ವರೂಪ ಇದರಲ್ಲೇ ಕಾಣುತ್ತದೆ. ಹೊನ್ನಾವರದ ನಾವಿಕ ನಾಯಕ ತಿಮ್ಮೋಜ ಮೊದಲು ಪೋರ್ಚುಗೀಸರ ವಿರುದ್ಧವಿದ್ದು, 1510ರಲ್ಲಿ ಅವರ ಮುಖಂಡ ಅಲ್ಬುಕರ್ಕ್ ಗೋವೆಯನ್ನು ಹಿಡಿಯಲು ನೆರವಾದ.

ಗೋವೆ ಪೋರ್ಚುಗೀಸರ ರಾಜಧಾನಿಯಾದ ಮೇಲೆ ಅಲ್ಲಿನ ಹೊಟ್ಟೆಗೆ ಕೆನರಾದ ಅಕ್ಕಿ ಬೇಕಾಯಿತು. ಹೊರ್ಮುಜ್, ಮಸ್ಕತ್‌ಗಳಿಗೂ ಬಸರೂರಿನಿಂದ ಅಕ್ಕಿ ಹೋಗುತ್ತಿತ್ತು. ಪೋರ್ಚುಗೀಸರು ‘ಕರ್ತಾಜ್’ ಎಂಬ ರಹದಾರಿ ಚೀಟಿಯಿಲ್ಲದ ಹಡಗನ್ನು ಹಿಡಿಯುವ ಕಟ್ಟಳೆ ತಂದರು; ತಲೆಮಾರುಗಳಿಂದ ಕಡಲಿಗೆ ಇಳಿದವರು ಈಗ ಅದಕ್ಕಾಗಿ ಹಣ ತೆರಬೇಕಾಯಿತು. ವಿಜಯನಗರದ 1565ರ ಸೋಲಿನ ಬೆನ್ನಿಗೆ, 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದವು. ಒಳನಾಡನ್ನು ಆಳುವ ಶಕ್ತಿ ಅವರಿಗೆ ಎಂದೂ ಇರಲಿಲ್ಲ. ಕೋಟೆಯ ತೋಪಿನ ಗುಂಡು ಹೋಗುವಷ್ಟು ದೂರವೇ ಅವರ ರಾಜ್ಯ.

ಪ್ರತಿರೋಧದಲ್ಲಿ ಇಬ್ಬರು ರಾಣಿಯರ ಹೆಸರು ಮುಂದೆ ನಿಲ್ಲುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ಮೆಣಸಿನ ವ್ಯಾಪಾರವನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಮಿರ್ಜಾನ್ ಕೋಟೆಗೂ ಅವಳ ಹೆಸರು ಅಂಟಿಕೊಂಡಿದೆ. ಉಳ್ಳಾಲದ ಚೌಟರಾಣಿ ಅಬ್ಬಕ್ಕ ಕಪ್ಪ ಕೊಡಲು ನಿರಾಕರಿಸಿ ಪೋರ್ಚುಗೀಸರೊಂದಿಗೂ, ಅವರ ಪಕ್ಷ ವಹಿಸಿದ ಬಂಗರಸನೊಂದಿಗೂ ಹೋರಾಡಿದಳು. ಸಾಕ್ಷ್ಯಗಳು ಸುಮಾರು ಮುಕ್ಕಾಲು ಶತಮಾನದಷ್ಟು ಹರಡಿರುವುದರಿಂದ ಈ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚಿದ್ದರೆಂದು ಹಲವು ವಿದ್ವಾಂಸರ ನಿಲುವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಅವಳು ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆ ಉಟ್ಟು, ಗದ್ದೆಗೆ ನೀರು ಹಾಯಿಸಲು ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು ನಡೆದುಬರುತ್ತಿದ್ದಳು. ಯುದ್ಧಕಥೆಗಳಿಗಿಂತ ಈ ಒಂದು ವರದಿ ಆ ಕಾಲದ ಕರಾವಳಿ ಅರಸೊತ್ತಿಗೆಯ ಅಳತೆಯನ್ನು ಚೆನ್ನಾಗಿ ತಿಳಿಸುತ್ತದೆ.

ಪೋರ್ಚುಗೀಸ್ ಕಾಲದಲ್ಲಿ ಗೋವೆಯಿಂದ ದೊಡ್ಡ ವಲಸೆ ನಡೆಯಿತು. ಮತಾಂತರದ ಒತ್ತಡದಿಂದ ಗೌಡ ಸಾರಸ್ವತರು, ಆಮೇಲೆ 1560ರಲ್ಲಿ ನೆಲೆಗೊಂಡ ಧರ್ಮವಿಚಾರಣೆಯಿಂದಲೂ ಬರ ಮತ್ತು ಮರಾಠರ ದಾಳಿಗಳಿಂದಲೂ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ಬಂದರು. ಉತ್ತರ ಕನ್ನಡದ ಸಿದ್ದಿಯರ ಪೂರ್ವಿಕರನ್ನು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಪ್ರಮುಖರು. ಗೇರು, ಮೆಣಸಿನಕಾಯಿ, ಅನಾನಸು, ಪಪ್ಪಾಯಿ ಅವರ ಹಡಗುಗಳ ಮೂಲಕವೇ ಬಂದ ಬೆಳೆಗಳು.

ಕೆಳದಿ ನಾಯಕರು

ಘಟ್ಟದ ಮೇಲಿನ ಕೆಳದಿ ಅರಸುಮನೆತನದ ವೆಂಕಟಪ್ಪ ನಾಯಕ (1586-1629) ಗೇರುಸೊಪ್ಪೆಯನ್ನು ಸೋಲಿಸಿ ಕರಾವಳಿಯ ಬಹುಭಾಗವನ್ನು ಗೆದ್ದ. ಶಿವಪ್ಪ ನಾಯಕ (1645-1660) 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಬೇಕಲ, ಚಂದ್ರಗಿರಿ ಕೋಟೆಗಳು ಕೆಳದಿಯವರ ದಕ್ಷಿಣದ ಕಾವಲು. ಆದರೂ ಅಕ್ಕಿ ಮಾರುವವನಿಗೆ ಕೊಳ್ಳುವವನು ಬೇಕಲ್ಲ. 1671 ಮತ್ತು 1678ರ ಒಪ್ಪಂದಗಳಲ್ಲಿ ಪೋರ್ಚುಗೀಸರಿಗೆ ವ್ಯಾಪಾರದ ಕೋಠಿ ಮತ್ತು ಚರ್ಚುಗಳ ಹಕ್ಕು ಮತ್ತೆ ಸಿಕ್ಕಿತು. ಡಚ್ಚರು ಬಸರೂರಿಗೆ ಬಂದರು. ಇಂಗ್ಲಿಷರ ಕೋರ್ಟೀನ್ ಸಂಘ 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆಯಿತು. 1665ರ ಫೆಬ್ರುವರಿಯಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಬಸರೂರನ್ನು ಕೊಳ್ಳೆಹೊಡೆದು, ಗೋಕರ್ಣ, ಕಾರವಾರಗಳ ಮೂಲಕ ಹಿಂದಿರುಗಿದ.

ಕೆಳದಿಯವರ ಹೆಚ್ಚು ಬಾಳಿದ ಕೊಡುಗೆ ಶಿವಪ್ಪ ನಾಯಕನ ಶಿಸ್ತು. ಜಮೀನಿನ ಗುಣ ಮತ್ತು ಇಳುವರಿ ನೋಡಿ ಕಂದಾಯ ನಿಗದಿಪಡಿಸಿದ ಈ ಕ್ರಮದ ಲೆಕ್ಕಗಳು ಕಪ್ಪು ಬಳಿದ ಬಟ್ಟೆಯ ಕಡತಗಳಲ್ಲಿ ಉಳಿದವು. 1 ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಇಂಗ್ಲಿಷ್ ಅಧಿಕಾರಿಗಳು ಅವನ್ನೇ ಬಿಚ್ಚಿ ನೋಡಿದರು.

ಹೈದರಾಲಿ ಮತ್ತು ಟಿಪ್ಪು

1763ರಲ್ಲಿ ಮೈಸೂರಿನ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದಾಗ ಕರಾವಳಿಯೂ ಅದರೊಂದಿಗೆ ಅವನ ಕೈಸೇರಿತು. ಸಮುದ್ರವಿಲ್ಲದ ಮೈಸೂರಿಗೆ ಮಂಗಳೂರು ನೌಕಾನೆಲೆಯಾಯಿತು. ಇಂಗ್ಲಿಷರು 1768ರಲ್ಲಿ ಅದನ್ನು ಸ್ವಲ್ಪಕಾಲ ಹಿಡಿದರು. 1780ರ ಡಿಸೆಂಬರ್‌ನಲ್ಲಿ ಅವರ ನೌಕಾಪಡೆ ಹೈದರನ ಹಡಗುಗಳನ್ನು ಬಂದರಿನಲ್ಲೇ ನಾಶಮಾಡಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಹೊನ್ನಾವರ, ಬಿದನೂರು, ಮಂಗಳೂರುಗಳನ್ನು ಹಿಡಿದ. ಹೈದರನ ಮಗ ಟಿಪ್ಪು ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಿಂದ ಮಂಗಳೂರಿಗೆ ಮುತ್ತಿಗೆ ಹಾಕಿದ. ಹಸಿವು ಮತ್ತು ರೋಗದಿಂದ ಕುಗ್ಗಿದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ 1784ರ ಜನವರಿ 30ರಂದು ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು.

ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಅದೇ ವರ್ಷ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಸಂಖ್ಯೆಯ ಬಗ್ಗೆ ಸಮಕಾಲೀನ ಮೂಲಗಳಲ್ಲೇ ಬಹಳ ಅಂತರವಿದೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು, ಉಳಿದವರು 1799ರ ನಂತರ ಮರಳಿದರು. ಅವರ ಜಮೀನುಗಳು ಅಷ್ಟರಲ್ಲಿ ಕೈಬದಲಾಗಿದ್ದವು. ಮಂಗಳೂರಿನ ಸುಲ್ತಾನ್ ಬತ್ತೇರಿ, ಬೆಳ್ತಂಗಡಿ ಬಳಿಯ ಜಮಾಲಾಬಾದ್ ಈ ಅವಧಿಯ ಕಟ್ಟಡಗಳು.

ಕಂಪನಿ ಆಡಳಿತ ಮತ್ತು ಭೂಮಿ

ಟಿಪ್ಪುವಿನ ಮರಣದ ಬಳಿಕ 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೊ 1800ರವರೆಗೆ ಇಲ್ಲಿದ್ದ. ಅದರ ಬೆನ್ನಿಗೇ ಫ್ರಾನ್ಸಿಸ್ ಬುಕನನ್ ಜಿಲ್ಲೆಯನ್ನು ಸುತ್ತಿ ವಿವರವಾದ ವರದಿ ಬರೆದ. ಭೂಮಿಗೆ ಸರ್ಕಾರವೇ ಒಡೆಯ ಎಂಬ ನಂಬಿಕೆ ಬೇರೆಡೆ ಇದ್ದ ಕಾಲದಲ್ಲಿ, ಕೆನರಾದಲ್ಲಿ ಖಾಸಗಿ ಭೂ ಒಡೆತನ ಹಳೆಯದೂ ದಾಖಲೆಯುಳ್ಳದ್ದೂ ಎಂದು ಮನ್ರೊ ಕಂಡುಕೊಂಡ. ಹಿಂದಿನ ನಿಗದಿತ ಕಂದಾಯವಾದ ‘ಶಿಸ್ತು’, ಅದರ ಮೇಲೆ ಆಮೇಲಿನವರು ಹೇರಿದ ‘ಶಾಮಿಲು’ ಎಂದು ಬಿಡಿಸಿ ಲೆಕ್ಕ ಹಾಕಿ, ಸ್ವಲ್ಪ ಇಳಿಸಿ ಹೊಸ ಕಂದಾಯ ನಿಲ್ಲಿಸಿದ.

ಭೂಹಿಡುವಳಿಯ ಮುಖ್ಯ ಪದಗಳು ಇವು. ಸರ್ಕಾರಕ್ಕೆ ಕಂದಾಯ ಕಟ್ಟುವ ಹಿಡುವಳಿ ‘ವರ್ಗ’, ಅದರ ಒಡೆಯ ‘ವರ್ಗದಾರ’. ಅವನ ಕೆಳಗೆ, ಗೇಣಿ ಹೆಚ್ಚಿಸಲಾಗದ ಶಾಶ್ವತ ಒಕ್ಕಲು ‘ಮೂಲಗೇಣಿ’. ಒಡೆಯನ ಇಷ್ಟದ ಮೇಲೆ ಉಳಿಯುವ ಒಕ್ಕಲು ‘ಚಾಲಗೇಣಿ’. ಗದ್ದೆಗೆ ತಾಗಿಕೊಂಡ ಪಾಳುಭೂಮಿಯಿಂದ ಸೊಪ್ಪು, ಸೌದೆ ತರುವ ಹಕ್ಕು ‘ಕುಮ್ಕಿ’. ರೈತನಿಂದಲೇ ನೇರ ಕಂದಾಯ ಪಡೆಯುವ ‘ರೈತವಾರಿ’ ಎಂಬ ಹೆಸರಿದ್ದರೂ ಪಟ್ಟಾ ಬಹುಮಟ್ಟಿಗೆ ವರ್ಗದಾರನ ಕೈಗೇ ಹೋಯಿತು; ಗದ್ದೆಗಿಳಿದ ಚಾಲಗೇಣಿಯವನ ಹೆಸರು ಸರ್ಕಾರದ ಪುಸ್ತಕಕ್ಕೆ ಬರಲೇ ಇಲ್ಲ. ಹುಟ್ಟಾಳುಗಳಾಗಿದ್ದ ದಲಿತರ ಸ್ಥಿತಿಯಂತೂ ಬುಕನನ್ ಕಂಡಾಗ ಗುಲಾಮಗಿರಿಯೇ.

ಕಾಡಿನ ಮೇಲಿನ ಹಿಡಿತ ಇನ್ನೂ ಬಿಗಿಯಾಯಿತು. ಕೆನರಾದ ಸಾಗುವಾನಿ ಮುಂಬಯಿಯ ಹಡಗುಕಟ್ಟೆಗೆ ಬೇಕಿತ್ತು. 19ನೆಯ ಶತಮಾನದ ನಡುಭಾಗದಲ್ಲಿ ಕುಮರಿಗೆ ನಿರ್ಬಂಧ ಬಂತು. 1878ರ ಅರಣ್ಯ ಕಾಯಿದೆಯಡಿ ಉತ್ತರ ಕೆನರಾದ ದೊಡ್ಡ ಪಾಲು ಮೀಸಲು ಕಾಡಾಯಿತು. ಮಲೆಯಂಚಿನ ಜನರಿಗೆ ತಲೆಮಾರಿನ ಬೇಸಾಯವೇ ಅಪರಾಧವಾಯಿತು. ಅಡಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸೀಮಿತ ಸೌಲಭ್ಯ ಉಳಿಯಿತು.

ಪ್ರತಿರೋಧ

ಕಂಪನಿ ಬಂದ ಹೊಸತರಲ್ಲೇ ವಿಟ್ಲದ ಹೆಗ್ಗಡೆ ದಂಗೆಯೆದ್ದು ಗಲ್ಲಿಗೇರಿದ. 1830-31ರಲ್ಲಿ ಧಾರಣೆ ಕುಸಿದಾಗ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯ ಕಟ್ಟಲು ನಿರಾಕರಿಸಿದರು. ‘ಕೂಟ’ ಎಂದೇ ಹೆಸರಾದ ಈ ಚಳವಳಿ ಬಹುಮಟ್ಟಿಗೆ ಅಹಿಂಸಾತ್ಮಕವಾಗಿತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೆನರಾಕ್ಕೆ ಸೇರಿಸಿ, ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿತು. ಇದರಿಂದ ಕೆರಳಿದ ರೈತರು 1837ರಲ್ಲಿ ಕಲ್ಯಾಣಸ್ವಾಮಿ ಎಂಬ ಹೆಸರು ತಾಳಿದ ಪುಟ್ಟಬಸಪ್ಪ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳತನದಲ್ಲಿ ಘಟ್ಟದ ಬುಡದಿಂದ ಹೊರಟು, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕರು. ಸುಮಾರು 2 ವಾರ ಊರು ಅವರ ಕೈಯಲ್ಲಿತ್ತು. ಹೊರಗಿನಿಂದ ಸೈನ್ಯ ಬಂದ ಮೇಲೆ ನಾಯಕರನ್ನು ಹಿಡಿದು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು. ಸರ್ಕಾರಿ ಕಾಗದಗಳು ಇದನ್ನು ಕೊಡಗಿನ ಬಂಡಾಯ ಎಂದವು, ಜನ ‘ಕಲ್ಯಾಣಪ್ಪನ ಕಾಟಕಾಯಿ’ ಎಂದರು.

20ನೆಯ ಶತಮಾನದ ಸ್ವಾತಂತ್ರ್ಯ ಚಳವಳಿಯಲ್ಲಿ ಉತ್ತರ ಕೆನರಾ ಮುಂದಾಯಿತು. 1930ರ ಏಪ್ರಿಲ್ 13ರಂದು ಅಂಕೋಲದಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಅಂಕೋಲ, ಸಿದ್ದಾಪುರ ತಾಲ್ಲೂಕುಗಳ ಕರನಿರಾಕರಣೆಯಲ್ಲಿ ರೈತರು ಜಮೀನು, ಜಾನುವಾರು ಕಳೆದುಕೊಂಡರು. ಮಂಗಳೂರಿನಲ್ಲಿ ಕಾರ್ನಾಡ್ ಸದಾಶಿವರಾಯರು ತಮ್ಮ ಆಸ್ತಿಯನ್ನೇ ಚಳವಳಿಗೆ ಕೊಟ್ಟರು.

1862ರ ವಿಭಜನೆ

ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಕೊರತೆ ಬಂದಾಗ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೂ, ಅದನ್ನು ಸಾಗಿಸಬಹುದಾದ ಕಾರವಾರ ಬಂದರಿನ ಮೇಲೂ ಬಿತ್ತು. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕಾರವಾರ ಮದ್ರಾಸಿನಲ್ಲಿ. ಈ ತೊಡಕು ಬಿಡಿಸಲು 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಕುಂದಾಪುರದಿಂದ ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಅಲ್ಲಿಯವರೆಗೆ ಕುಮಟೆಯಿಂದ ಹೋಗುತ್ತಿದ್ದ ಹತ್ತಿಗೆ ಕಾರವಾರದಲ್ಲಿ ಹೊಸ ಊರನ್ನೇ ಕಟ್ಟಲಾಯಿತು. ಆದರೆ ರೈಲು ಅಲ್ಲಿಗೆ ಬರಲಿಲ್ಲ. 1880ರ ದಶಕದಲ್ಲಿ ಮರ್ಮಗೋವೆಗೆ ರೈಲುದಾರಿ ತೆರೆದಾಗ ಸರಕು ಆ ಕಡೆ ತಿರುಗಿತು. ಯಾವ ಬಂದರಿಗಾಗಿ ಜಿಲ್ಲೆಯನ್ನು ಒಡೆದರೋ ಆ ಬಂದರು ಬಡವಾಯಿತು. ಎರಡು ಪ್ರಾಂತ, ಎರಡು ಕಾನೂನು, ಎರಡು ಶಾಲಾಕ್ರಮಗಳ ಅಂತರ ಮಾತ್ರ 1956ರವರೆಗೆ ಉಳಿಯಿತು.

ಮಿಷನ್, ಮುದ್ರಣ, ಕೈಗಾರಿಕೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರಿಗೆ ಉದ್ಯೋಗ ಒದಗಿಸಲು ಮಿಷನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಉದ್ಯಮಕ್ಕೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಜೇಡಿ, ಘಟ್ಟದ ಸೌದೆ, ಮನೆಬಾಗಿಲಿನ ಬಂದರು ಮೂರೂ ಒದಗಿದವು. ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಮಂಗಳೂರು ಹೆಂಚು ಬಂತು. ಜೆಸುಯಿಟರ ಸೇಂಟ್ ಅಲೋಶಿಯಸ್ ಕಾಲೇಜು 1880ರದು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿದವು. 1907ರಲ್ಲಿ ದಕ್ಷಿಣದ ಕಡೆಯಿಂದ ರೈಲು ಮಂಗಳೂರಿಗೆ ತಲುಪಿತು.

ಇಂದಿನ ಸ್ಥಿತಿ

1956ರ ನವೆಂಬರ್ 1ರಂದು ಎರಡೂ ಕೆನರಾಗಳು ಮೈಸೂರು ರಾಜ್ಯಕ್ಕೆ ಸೇರಿದವು, ಕಾಸರಗೋಡು ಕೇರಳಕ್ಕೆ ಹೋಯಿತು. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು. 1974ರ ಭೂಸುಧಾರಣೆ ಚಾಲಗೇಣಿಯವರಿಗೆ ಒಡೆತನ ಕೊಟ್ಟು, ವರ್ಗದಾರಿಕೆಯನ್ನು ಕೊನೆಗೊಳಿಸಿತು. ಅಳಿಯಸಂತಾನದ ಕೂಡುಕುಟುಂಬಗಳು 1949ರ ಮದ್ರಾಸ್ ಕಾಯಿದೆಯಿಂದಲೇ ಪಾಲಾಗತೊಡಗಿದ್ದವು. ಪಣಂಬೂರಿನ ನವಮಂಗಳೂರು ಬಂದರು 1970ರ ದಶಕದಲ್ಲಿ ಕೆಲಸ ಆರಂಭಿಸಿತು, ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ತೆರೆಯಿತು, ಕಾರವಾರದ ಬಳಿ ನೌಕಾನೆಲೆ ಬಂತು. ಬಾರಕೂರು, ಬಸರೂರುಗಳು ಹೂಳು ತುಂಬಿದ ಹೊಳೆಯ ದಂಡೆಯ ಹಳ್ಳಿಗಳಾಗಿವೆ. ಭತ್ತದ ಗದ್ದೆ ಅಡಕೆ, ರಬ್ಬರು ಮತ್ತು ಮನೆನಿವೇಶನಗಳಿಗೆ ತಿರುಗಿದ್ದು, ಒಂದು ಕಾಲಕ್ಕೆ ಗೋವೆ ಮತ್ತು ಮಸ್ಕತ್‌ಗೆ ಅಕ್ಕಿ ಕಳಿಸಿದ ನಾಡು ಈಗ ಹೊರಗಿನ ಅಕ್ಕಿಯನ್ನು ಕೊಳ್ಳುತ್ತದೆ. ಕುಮ್ಕಿ ಮತ್ತು ಮೂಲಗೇಣಿ ಹಕ್ಕುಗಳ ದಾವೆಗಳು ನ್ಯಾಯಾಲಯಗಳ ಮುಂದೆ ಇನ್ನೂ ಬರುತ್ತಿವೆ.